ಮಂಜಿನೊಳಗೆ ಆಂಟೆನಾ ಎತ್ತ ನೋಡುತ್ತಿದೆ?

ಜುಲೈ ತಿಂಗಳಲ್ಲಿ ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯ ಕಿಟಕಿಯಿಂದ ಅಂಗಳದಾಚೆಯ ಸಿಲ್ವರ್ ಓಕ್ ಮರವೂ ಕಾಣುವುದಿಲ್ಲ. ಮಳೆ ನಿಂತರೆ ಮಂಜು, ಮಂಜು ಸರಿದರೆ ಮಳೆ. ಕಾಫಿ ಒಣಗಿಸುವ ಕಣದ ದಕ್ಷಿಣದ ಅಂಚಿನಲ್ಲಿ 6 ಮೀಟರ್ ಎತ್ತರದ ಜಿ.ಐ. ಪೈಪಿನ ಕಂಬವಿದೆ, ಅದರ ತುದಿಯಲ್ಲಿ, ದೂರದ ಊರುಗಳ ಹವ್ಯಾಸಿಗಳೊಡನೆ ಮಾತಾಡುವ ನನ್ನ ಹವ್ಯಾಸಿ ರೇಡಿಯೋ ಕೇಂದ್ರದ ಆಂಟೆನಾ. ಕೆಳಗೆ ಕುಳಿತು ಗುಂಡಿ ಒತ್ತಿದರೆ ಮೇಲೆ ಅದು ತಿರುಗುತ್ತದೆ. ಎತ್ತ ತಿರುಗಿತು ಎಂಬುದನ್ನು ಮಾತ್ರ ಮೇಜಿನ ಮೇಲಿನ ಮೀಟರಿನ ಮುಳ್ಳು ಹೇಳಬೇಕು. ಒಂದು ಮಳೆಗಾಲದಲ್ಲಿ ಆ ಮುಳ್ಳು ಮೂರು ವಾರ ತಪ್ಪು ಹೇಳಿತು. ನಾನು ಮೂರು ವಾರವೂ ನಂಬಿದೆ.

ದಿಕ್ಕಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಏಕೆಂದರೆ, ಇದು ಯಾಗಿ ಆಂಟೆನಾ. ಹಳೆಯ ದೂರದರ್ಶನದ ಕಾಲದಲ್ಲಿ ಮನೆ ಮನೆಯ ಮಾಡಿನ ಮೇಲೆ ಮೀನಿನ ಮುಳ್ಳಿನಂತೆ ನಿಂತಿರುತ್ತಿತ್ತಲ್ಲ, ಅದರದೇ ಜಾತಿ. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಲೋಕಕ್ಕೆ ತಿಳಿಸಿದ ರಚನೆ. ಬಹುಪಾಲು ಕೆಲಸ ಉಡಾ ಅವರದು. ಜಗತ್ತು ಯಾಗಿಯ ಹೆಸರನ್ನಷ್ಟೇ ಉಳಿಸಿಕೊಂಡಿತು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ. ನನ್ನದು 28 ಮೆಗಾಹರ್ಟ್ಸ್‌ನದು: ಒಂದು ಅಡ್ಡದಂಡ, ಅದಕ್ಕೆ ಸುಮಾರು ಐದೈದು ಮೀಟರಿನ ಮೂರು ಕಡ್ಡಿಗಳು. ಶಕ್ತಿಯನ್ನೆಲ್ಲ ಮುಂದಕ್ಕೆ ಒಟ್ಟುಗೂಡಿಸಿ ಕಳಿಸುವುದು ಇದರ ಗುಣ. ಗುರಿಯಿಂದ 30 ಡಿಗ್ರಿ ಪಕ್ಕಕ್ಕೆ ಸರಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ಅಡ್ಡಕ್ಕೆ ತಿರುಗಿದರೆ ನೂರರಲ್ಲಿ ಒಂದು ಪಾಲೂ ಉಳಿಯದಿರಬಹುದು.

ಹಾಗೆಂದು ಎತ್ತ ತಿರುಗಿಸಬೇಕು ಎಂಬುದನ್ನು ಗೋಡೆಯ ಭೂಪಟ ನೋಡಿ ನಿರ್ಧರಿಸುವಂತಿಲ್ಲ. ಅಮೆರಿಕ ಎಂದರೆ ಪಶ್ಚಿಮ ಎಂದು ಹೊಸಬರು ಅರಬ್ಬೀ ಸಮುದ್ರದ ಕಡೆ ತಿರುಗಿಸುತ್ತಾರೆ. ಗ್ಲೋಬಿನ ಮೇಲೆ ಕೊಡಗಿನಿಂದ ನ್ಯೂಯಾರ್ಕಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ: ಅದು ಬಹುತೇಕ ಉತ್ತರಕ್ಕೇ ಹೊರಡುತ್ತದೆ. ಉತ್ತರವನ್ನು ಸೊನ್ನೆ ಎಂದು ಹಿಡಿದು ಪೂರ್ವದ ಕಡೆಯಿಂದ ಎಣಿಸಿದರೆ ಮಡಿಕೇರಿಯಿಂದ ನ್ಯೂಯಾರ್ಕ್ 334 ಡಿಗ್ರಿ, ಲಂಡನ್ 320, ಟೋಕಿಯೊ 56. ಸ್ಯಾನ್ ಫ್ರಾನ್ಸಿಸ್ಕೊ ಅಮೆರಿಕದ್ದೇ ಊರಾದರೂ ಉತ್ತರದಿಂದ ಪೂರ್ವಕ್ಕೆ 18 ಡಿಗ್ರಿ ವಾಲಿದೆ. ಈ ಲೆಕ್ಕ ಕೈಯಲ್ಲಿದ್ದು ಮುಳ್ಳು ಸುಳ್ಳು ಹೇಳಿದರೆ ಏನು ಬಂತು?

ತಿರುಗಿಸುವ ಯಂತ್ರವನ್ನು ನಾನೇ ಮಾಡಿದ್ದು. ಗುಜರಿಗೆ ಹೋಗಲಿದ್ದ ಜೀಪಿನ ವೈಪರ್ ಮೋಟಾರು 12 ವೋಲ್ಟಿನಲ್ಲಿ ಓಡುತ್ತದೆ. ಅದರ ಹೊಟ್ಟೆಯಲ್ಲಿ ತಿರುಪಿನಾಕಾರದ ಹಲ್ಲುಚಕ್ರ ಇರುವುದರಿಂದ, ಕರೆಂಟು ನಿಂತ ಮೇಲೆ ಗಾಳಿ ಎಷ್ಟೇ ತಳ್ಳಿದರೂ ಹಿಂದಕ್ಕೆ ಸುಲಭವಾಗಿ ತಿರುಗುವುದಿಲ್ಲ. ಇನ್ನಷ್ಟು ಹಲ್ಲುಚಕ್ರ ಸೇರಿಸಿ ವೇಗವನ್ನು ನಿಮಿಷಕ್ಕೆ ಒಂದು ಸುತ್ತಿಗೆ ಇಳಿಸಿದ್ದೆ.

ದಿಕ್ಕು ತಿಳಿಸುವ ಕೆಲಸಕ್ಕೆ ಪೊಟೆನ್ಶಿಯೋಮೀಟರ್. ರೇಡಿಯೋದ ಸದ್ದು ಏರಿಸಿ ಇಳಿಸುವ ಗುಂಡಿಯ ಒಳಗಿರುವುದು ಇದೇ. ಎರಡು ತುದಿಗೆ 5 ವೋಲ್ಟ್ ಕೊಟ್ಟರೆ, ನಡುವಿನ ಕಾಲು ಎಲ್ಲಿ ನಿಂತಿದೆಯೋ ಅದಕ್ಕೆ ತಕ್ಕಷ್ಟು ವೋಲ್ಟೇಜು ಸಿಗುತ್ತದೆ. ಅದನ್ನೇ ಮೀಟರಿಗೆ ಕೊಟ್ಟು, ಅಂಕಿಫಲಕದ ಮೇಲೆ ಡಿಗ್ರಿ ಬರೆದರೆ ಮುಗಿಯಿತು. ಸದ್ದಿನ ಗುಂಡಿಯದು ಸಾಮಾನ್ಯವಾಗಿ ಲಾಗ್ ಮಾದರಿ. ಅದನ್ನು ಹಾಕಿದರೆ ಮುಳ್ಳು ಒಂದು ಕಡೆ ತೆವಳಿ ಇನ್ನೊಂದು ಕಡೆ ಜಿಗಿಯುತ್ತದೆ. ಒಂದೇ ಸಮನಾಗಿ ಏರುವ ಲೀನಿಯರ್ ಮಾದರಿ ಎಂದು ಕೇಳಿಯೇ ಕೊಳ್ಳಬೇಕು. ತಂತಿ ಉದ್ದವಾದರೆ ಮುಳ್ಳು ತಪ್ಪುತ್ತದೆ ಎಂಬ ಭಯ ಹಲವರಿಗಿದೆ. 40 ಮೀಟರ್ ಸಣ್ಣ ತಂತಿಯ ರೋಧ ಮೂರೂವರೆ ಓಮ್ ಇದ್ದರೆ, 5,000 ಓಮ್ ಪೊಟೆನ್ಶಿಯೋಮೀಟರಿನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ.

ನಿಜವಾದ ತೊಡಕು ಬೇರೆ. ಸಾಮಾನ್ಯ ಪೊಟೆನ್ಶಿಯೋಮೀಟರ್ 270ರಿಂದ 300 ಡಿಗ್ರಿಯವರೆಗೆ ಮಾತ್ರ ತಿರುಗುತ್ತದೆ, ಆಂಟೆನಾಗೆ 360 ಬೇಕು. ಕಂಬದ ಕಡೆ 40 ಹಲ್ಲು, ಪೊಟೆನ್ಶಿಯೋಮೀಟರಿನ ಕಡೆ 60 ಹಲ್ಲಿನ ಚಕ್ರ ಕೂರಿಸಿದರೆ 360 ಎಂಬುದು 240ಕ್ಕೆ ಇಳಿಯುತ್ತದೆ. ನಾನು ಹಾಗೆಯೇ ಮಾಡಿದೆ. ಆದರೆ 40 ಹಲ್ಲಿನ ಆ ಚಕ್ರವನ್ನು ಕೂರಿಸಿದ ಜಾಗ ತಪ್ಪಾಗಿತ್ತು.

ಆ ಜುಲೈಯಲ್ಲಿ ಮುಳ್ಳು 320 ತೋರಿಸುತ್ತಿದ್ದರೂ ಯುರೋಪಿನ ಕೇಂದ್ರಗಳು ಪಿಸುಗುಟ್ಟಿದಂತೆ ಕೇಳುತ್ತಿದ್ದವು. ರೇಡಿಯೋ ಅಲೆಗಳನ್ನು ನೆಲದ ಕಡೆ ಬಾಗಿಸುವ ಮೇಲಿನ ವಾಯುಪದರ, ಅಯಾನುಗೋಳ, ಚೆನ್ನಾಗಿಲ್ಲ, ಸೂರ್ಯನ ಮೇಲೆ ಏನೋ ನಡೆದಿದೆ ಎಂದುಕೊಂಡೆ. ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ತೋಟದ ಮೇಸ್ತ್ರಿ ಬಂದು ಹೇಳಿದರು: "ಸಾಹುಕಾರರೇ, ನೀವು ಒಳಗೆ ಗುಂಡಿ ಒತ್ತಿದಾಗ ಅಡಿಯ ಚಕ್ರ ತಿರುಗುತ್ತದೆ, ಮೇಲಿನ ಪೈಪು ಒಂದೊಂದು ಸಲ ನಿಂತೇ ಇರುತ್ತದೆ." ಹೋಗಿ ನೋಡಿದೆ. ಮೋಟಾರಿನ ಅಚ್ಚನ್ನೂ ಮೇಲಿನ ಪೈಪನ್ನೂ ಹಿಡಿದಿದ್ದ ಯು ಬೋಲ್ಟ್ ಸಡಿಲವಾಗಿತ್ತು. ಪೈಪಿನ ಸತುವಿನ ಮೇಲೆ ಬೋಲ್ಟು ಉಜ್ಜಿದ ಹೊಳೆಯುವ ಉಂಗುರ ಎದ್ದು ಕಾಣುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಆಂಟೆನಾ ಚೂರು ಚೂರೇ ಜಾರಿ, 320 ಎಂದು ಮುಳ್ಳು ಹೇಳುವಾಗ ನಿಜಕ್ಕೂ 20ರ ಹತ್ತಿರ ನಿಂತಿತ್ತು. ಪೊಟೆನ್ಶಿಯೋಮೀಟರ್ ಕೆಟ್ಟಿರಲಿಲ್ಲ. ಮೋಟಾರಿನ ಅಚ್ಚು ಎಷ್ಟು ತಿರುಗಿತು ಎಂಬುದನ್ನು ಅದು ಚಾಚೂ ತಪ್ಪದೆ ಹೇಳುತ್ತಿತ್ತು. ನಾನು ಕೇಳಬೇಕಾಗಿದ್ದ ಪ್ರಶ್ನೆ ಅದಾಗಿರಲಿಲ್ಲ.

ದೂರದಲ್ಲಿ ತಿರುಗುವ ವಸ್ತುವಿನ ಸ್ಥಿತಿಯನ್ನು ಮೇಜಿನ ಮುಂದೆ ಕಾಣಿಸುವ ಈ ಸಮಸ್ಯೆ ಹಳೆಯದು. 1914ರಲ್ಲಿ ತೆರೆದ ಪನಾಮಾ ಕಾಲುವೆಯಲ್ಲಿ ಬಾಗಿಲು, ಕವಾಟ, ನೀರಿನ ಮಟ್ಟ ಎಲ್ಲವನ್ನೂ ಆಯಾ ನಿಯಂತ್ರಣ ಕೊಠಡಿಯಲ್ಲೇ ತೋರಿಸಲು ಸೆಲ್ಸಿನ್ ಎಂಬ ಜೋಡಿ ಯಂತ್ರಗಳನ್ನು ಬಳಸಿದರು. ಮೋಟಾರಿನಂತಿರುವ ಎರಡನ್ನು ತಂತಿಯಿಂದ ಬೆಸೆದರೆ, ಒಂದರ ಅಚ್ಚು ತಿರುಗಿದಷ್ಟೇ ಇನ್ನೊಂದರದೂ ತಿರುಗುತ್ತದೆ. ಹಳೆಯ ಹವ್ಯಾಸಿಗಳು ಎರಡನೇ ಮಹಾಯುದ್ಧದ ನಂತರ ಅಗ್ಗಕ್ಕೆ ಸಿಕ್ಕ ಸೆಲ್ಸಿನ್‌ಗಳನ್ನು ಆಂಟೆನಾಗೆ ಕಟ್ಟಿಕೊಂಡರು. ಅಲ್ಲಿಯೂ ನಿಯಮ ಒಂದೇ: ತಿಳಿಯಬೇಕಾದ ವಸ್ತುವಿಗೇ ಅದನ್ನು ಕಟ್ಟಬೇಕು.

ನಾನು 40 ಹಲ್ಲಿನ ಚಕ್ರವನ್ನು ಯು ಬೋಲ್ಟಿನ ಮೇಲ್ಭಾಗಕ್ಕೆ, ಆಂಟೆನಾ ಹೊತ್ತ ಪೈಪಿಗೇ ಬಿಗಿದೆ. ಅಲ್ಲಿಂದ ಹಲ್ಲಿರುವ ಬೆಲ್ಟು ಪೊಟೆನ್ಶಿಯೋಮೀಟರಿಗೆ. ಈಗ ಪೈಪು ಜಾರಿದರೆ ಮುಳ್ಳೂ ಜಾರುತ್ತದೆ.

ದಿಕ್ಸೂಚಿ ಚಿಪ್ ಒಂದನ್ನು ಅಡ್ಡದಂಡಕ್ಕೇ ಅಂಟಿಸಿದರೆ ಚಕ್ರ, ಬೆಲ್ಟು ಯಾವುದೂ ಬೇಡವಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಊರು ಅದಕ್ಕೆ ಒಳ್ಳೆಯ ಜಾಗವೇ. ಭೂಮಿಯ ಕಾಂತಕ್ಷೇತ್ರ ದಕ್ಷಿಣ ಭಾರತದಲ್ಲಿ ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರ. ಅದು ಪೂರ್ತಿ ಸಮಾನಾಂತರವಾಗುವ ಗೆರೆ, ಕಾಂತೀಯ ಸಮಭಾಜಕ, ಹತ್ತಿರವಿದೆ ಎಂದೇ ಕೇರಳದ ತುಂಬಾ ಎಂಬ ಊರನ್ನು ರಾಕೆಟ್ ಹಾರಿಸಲು ಆರಿಸಿಕೊಂಡು 1963ರಲ್ಲಿ ಮೊದಲ ರಾಕೆಟ್ ಹಾರಿಸಿದರು. ಆದ್ದರಿಂದ ಚಿಪ್ ಸ್ವಲ್ಪ ವಾಲಿದರೂ ಇಲ್ಲಿ ಬರುವ ತಪ್ಪು ಯುರೋಪಿನಲ್ಲಿ ಬರುವಷ್ಟು ದೊಡ್ಡದಲ್ಲ. ಆದರೆ ಕಬ್ಬಿಣದ ಪೈಪು ಮತ್ತು ಮೋಟಾರಿನ ಅಯಸ್ಕಾಂತ ಪಕ್ಕದಲ್ಲಿದ್ದರೆ ಅದರ ಮಾತನ್ನು ನಂಬುವಂತಿಲ್ಲ. ಮೇಲಾಗಿ ದಿಕ್ಸೂಚಿಗೆ 10 ಡಿಗ್ರಿಯೂ 370 ಡಿಗ್ರಿಯೂ ಒಂದೇ. ಕಂಬಕ್ಕೆ ಸುತ್ತಿಕೊಳ್ಳುವ ಕೇಬಲಿಗೆ ಒಂದೇ ಅಲ್ಲ. ಒಂದು ಸುತ್ತು ಹೆಚ್ಚಾದರೆ ಅದು ಬುಡದಲ್ಲಿ ಹರಿಯುತ್ತದೆ. ಎಷ್ಟು ಸುತ್ತಾಯಿತು ಎಂಬ ನೆನಪು ಪೊಟೆನ್ಶಿಯೋಮೀಟರಿಗಿದೆ, ಕರೆಂಟು ಹೋಗಿ ಬಂದರೂ ಮರೆಯುವುದಿಲ್ಲ. ನಮ್ಮಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತದೆ. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆಯ ಜೊತೆ ಬರುವ ಸಿಡಿಲಿಗೂ ಚಿಪ್‌ಗಿಂತ ಇದೇ ಹೆಚ್ಚು ತಡೆದುಕೊಳ್ಳುತ್ತದೆ. ಹಾಗಾಗಿ ನನ್ನ ಒಲವು ಹಳೆಯದರ ಕಡೆಗೇ.

ಉಳಿದದ್ದು ಸೊನ್ನೆ ಯಾವುದು ಎಂಬ ಪ್ರಶ್ನೆ. ಅದಕ್ಕೆ ನನಗೆ ಸೂರ್ಯನೇ ಸಾಕು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 75.7ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ಸುಮಾರು 27 ನಿಮಿಷ ತಡ. ವರ್ಷದುದ್ದಕ್ಕೂ ಸೂರ್ಯ ಇದರ ಹಿಂದೆ ಮುಂದೆ ಕಾಲು ಗಂಟೆಯವರೆಗೆ ಸರಿದಾಡುತ್ತಾನೆ. ವರ್ಷಕ್ಕೆ ನಾಲ್ಕು ಸಲ ಆ ವ್ಯತ್ಯಾಸ ಸೊನ್ನೆ, ಅದರಲ್ಲೊಂದು ಡಿಸೆಂಬರ್ 25ರ ಸುಮಾರಿಗೆ. ಅಂದು 12 ಗಂಟೆ 27 ನಿಮಿಷಕ್ಕೆ ಕಂಬದ ನೆರಳು ನಿಜವಾದ ಉತ್ತರಕ್ಕೆ ಬೀಳುತ್ತದೆ. ಈ ಕೆಲಸವನ್ನು ಏಪ್ರಿಲ್ 22 ಅಥವಾ ಆಗಸ್ಟ್ 20ರ ಆಸುಪಾಸಿನಲ್ಲಿ ಮಾಡಲಾಗದು. ಆಗ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುವುದರಿಂದ ನೆರಳೇ ಇರುವುದಿಲ್ಲ.

ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ. ಕಂಬದ ಬುಡದಿಂದ ಉತ್ತರಕ್ಕೆ ಒಂದು ಪಟ್ಟಿಯಷ್ಟು ಜಾಗದ ಹಣ್ಣನ್ನು ಪಕ್ಕಕ್ಕೆ ಎಳೆದು, ಗಾರೆಯವರ ತೂಗುಗುಂಡು ಬಿಟ್ಟು ಕಂಬ ನೆಟ್ಟಗಿದೆಯೇ ಎಂದು ನೋಡಿಕೊಂಡು ಕಾದೆ. ನೆರಳು 4 ಮೀಟರಿಗಿಂತ ತುಸು ಉದ್ದ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ತುದಿಯ ಕಡೆ ನೆರಳು ಒದ್ದೆ ಬಟ್ಟೆಯ ಗುರುತಿನಂತೆ ಮಸುಕು. ನಡುವನ್ನು ಅಂದಾಜಿಸಿ ಸುಣ್ಣದಲ್ಲಿ ಗೆರೆ ಎಳೆದೆ. ಐದು ನಿಮಿಷ ಆಚೀಚೆಯಾದರೂ ತಪ್ಪು ಎರಡು ಡಿಗ್ರಿಯಷ್ಟೇ. ಆಂಟೆನಾದ ಅಡ್ಡದಂಡದ ನೆರಳು ಆ ಹೊತ್ತಿಗೆ ಗೆರೆಗೆ ಓರೆಯಾಗಿ ಬಿದ್ದಿತ್ತು. ಮೇಸ್ತ್ರಿ ಕಣದಲ್ಲಿ ನಿಂತು ಕೈ ಬೀಸುತ್ತಿದ್ದರು, ನಾನು ಒಳಗೆ ಗುಂಡಿಯನ್ನು ತಡೆತಡೆದು ಒತ್ತುತ್ತಿದ್ದೆ. ದಂಡದ ನೆರಳು ಕಂಬದ ನೆರಳಿನೊಳಗೆ ಕರಗಿದಾಗ ಅವರು ಕೈ ಇಳಿಸಿದರು. ಮುಳ್ಳು ನಿಂತಲ್ಲಿ ಪೆನ್ಸಿಲಿನಿಂದ ಸೊನ್ನೆ ಎಂದು ಬರೆದೆ.