ಸೆನ್ಸರ್ ಹೇಳಿದ್ದು ನಿಜ, ಜಾಗ ಮಾತ್ರ ಬೇರೆ

ಟೈರ್ ರೊಟೇಷನ್, ಅಂದರೆ ಚಕ್ರಗಳನ್ನು ಮುಂದಿನಿಂದ ಹಿಂದಕ್ಕೆ ಅದಲುಬದಲು, ಮಾಡಿಸಿ ಕೆಲವು ವಾರ ಆಗಿರುತ್ತದೆ, ಫೋನ್ ಬರುತ್ತದೆ. "ಸರ್, ಮುಂದಿನ ಎಡ ಚಕ್ರದಲ್ಲಿ ಗಾಳಿ ಕಡಿಮೆ ಅಂತ ತೋರಿಸ್ತಿದೆ. ಬಂಕಲ್ಲಿ ನೋಡಿಸಿದೆ, ಸರಿಯಾಗೇ ಇದೆ. ಸೆನ್ಸರ್ ಹೋಗಿರ್ಬೇಕು, ಹೊಸದು ಹಾಕ್ಬಿಡಿ." ಉಳಿದ ಮೂರು ಚಕ್ರ ನೋಡಿಸಿದಿರಾ ಎಂದರೆ ಆ ಕಡೆ ಮೌನ.

ಗಾಳಿ ಅಳೆಯುವ ಈ ಸೆನ್ಸರ್ ಸಾಮಾನ್ಯವಾಗಿ ಚಕ್ರದೊಳಗೆ, ವಾಲ್ವ್‌ನ ಬುಡದಲ್ಲಿ ಇರುತ್ತದೆ. ಪ್ರತಿಯೊಂದಕ್ಕೂ ತನ್ನದೇ ನಂಬರ್. 'ನಾನು ಇಂಥ ನಂಬರ್, ನನ್ನಲ್ಲಿ ಗಾಳಿ ಇಷ್ಟಿದೆ' ಎಂದು ರೇಡಿಯೊ ಮೂಲಕ ಕಾರಿಗೆ ತಿಳಿಸುವುದಷ್ಟೇ ಅದರ ಕೆಲಸ. ತಾನು ಮುಂದಿದ್ದೇನೋ ಹಿಂದಿದ್ದೇನೋ ಅದಕ್ಕೆ ಗೊತ್ತಿಲ್ಲ. ಯಾವ ನಂಬರ್ ಯಾವ ಮೂಲೆಯದು ಎಂದು ನೆನಪಿಟ್ಟಿರುವುದು ಕಾರಿನ ಕಂಪ್ಯೂಟರ್. ಮುಂದಿನ ಚಕ್ರ ಹಿಂದಕ್ಕೆ ಹೋದಾಗ ಸೆನ್ಸರೂ ಜೊತೆಗೇ ಹೋಗುತ್ತದೆ. ಕಂಪ್ಯೂಟರ್‌ನಲ್ಲಿ ಉಳಿಯುವುದು ಹಳೆಯ ವಿಳಾಸ. ಆಮೇಲೆ ತೆರೆಯ ಮೇಲಿನ ಅಂಕಿ ಸರಿ, ಜಾಗ ತಪ್ಪು. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ.

ಕೆಲವು ಕಾರುಗಳು ಒಂದಷ್ಟು ದೂರ ಓಡಿದ ಮೇಲೆ ತಾವೇ ಹೊಸ ಜಾಗ ಕಂಡುಕೊಳ್ಳುತ್ತವೆ. ಇನ್ನು ಕೆಲವಕ್ಕೆ ಸ್ಕ್ಯಾನರ್ ಹಿಡಿದು, ಒಂದೊಂದೇ ಚಕ್ರದ ಬಳಿ ಕೂತು ಕಲಿಸಿಕೊಡಬೇಕು. ನಿಮ್ಮದು ಯಾವ ಬಗೆ ಎಂದು ಫೋನಿನಲ್ಲಿ ಹೇಳಲು ನನಗೆ ಧೈರ್ಯವಿಲ್ಲ, ಮ್ಯಾನುಯಲ್ ನೋಡಲೇಬೇಕು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮಗಳ ಮನೆಗೆ ಓಡಾಡುವ ಮೇಷ್ಟ್ರೊಬ್ಬರಿದ್ದಾರೆ, ನಿವೃತ್ತರು, ಬಹಳ ಜಾಗರೂಕ ಮನುಷ್ಯ. ಬೇರೆ ಕಡೆ ರೊಟೇಷನ್ ಮಾಡಿಸಿದ್ದರು. ದಾರಿಯುದ್ದಕ್ಕೂ ಬಂಕ್ ಸಿಕ್ಕಲ್ಲೆಲ್ಲ ನಿಲ್ಲಿಸಿ ಮುಂದಿನ ಎಡ ಚಕ್ರವನ್ನೇ ನೋಡಿಸಿದ್ದಾರೆ, ಸರಿಯಾಗಿತ್ತು. ಇಳಿಯುತ್ತಿದ್ದದ್ದು ಹಿಂದಿನ ಎಡ ಚಕ್ರ. ನಾನು ಆ ಟೈರನ್ನು ರಿಮ್‌ನಿಂದ ಬಿಚ್ಚಿದಾಗ ಒಳಗಿನಿಂದ ಕರೀ ರಬ್ಬರ್ ಪುಡಿ ಮುಷ್ಟಿಯಷ್ಟು ಉದುರಿತು. ಗಾಳಿ ಸಾಲದೆ ಓಡಿ ಓಡಿ ಪಕ್ಕದ ಗೋಡೆ ಒಳಗೇ ಸವೆದಿತ್ತು. ಹೊರಗಿನಿಂದ ನೋಡಿದರೆ ಒಳ್ಳೇ ಟೈರ್! ಮೇಷ್ಟ್ರು ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಮೊಮ್ಮಕ್ಕಳು ಹಿಂದೆ ಕೂತಿದ್ರು" ಅಂದರು. ಅವರು ಇಷ್ಟು ಕಾಳಜಿ ಮಾಡಿಯೂ ಹೀಗಾಯಿತಲ್ಲ ಎಂದು ನನಗೆ ಸಂಕಟವಾಯಿತು.

ಹೊರಗಿನಿಂದ ವಾಲ್ವ್‌ಗೆ ತಿರುಗಿಸಿ ಹಾಕುವ ಕ್ಯಾಪ್ ಸೆನ್ಸರ್‌ಗಳಾದರೆ ಸುಲಭ. ಕ್ಯಾಪ್‌ಗಳನ್ನು ಬಿಚ್ಚಿ, ಅವುಗಳ ಮೇಲೆ ಗುರುತು ಹಾಕಿರುವ ಮೂಲೆಗೇ ಮತ್ತೆ ಹಾಕಿದರಾಯಿತು.

ಚಕ್ರದೊಳಗೆ ಸೆನ್ಸರೇ ಇಲ್ಲದ ಬಗೆಯೂ ಉಂಟು. ಗಾಳಿ ಇಳಿದ ಟೈರ್ ತುಸು ಕುಗ್ಗಿ, ಉಳಿದವಕ್ಕಿಂತ ಹೆಚ್ಚು ಸುತ್ತು ಸುತ್ತುತ್ತದೆ; ಚಕ್ರದ ಸುತ್ತು ಎಣಿಸುವ ಎಬಿಎಸ್ (ಬ್ರೇಕ್ ವ್ಯವಸ್ಥೆಯ) ಸೆನ್ಸರ್‌ಗಳ ಲೆಕ್ಕದಿಂದ ಕಾರು ಅದನ್ನು ಪತ್ತೆ ಮಾಡುತ್ತದೆ. ಇದರಲ್ಲಿ ರೀಸೆಟ್ ಮಾಡಿದ ಹೊತ್ತಿನಲ್ಲಿ ಇದ್ದ ಗಾಳಿಯೇ ಕಾರಿನ ಪಾಲಿಗೆ ಸರಿಯಾದ ಗಾಳಿ. ಗಾಳಿ ಕಡಿಮೆ ಎನ್ನುವ ಎಚ್ಚರಿಕೆ ದೀಪ ಕಿರಿಕಿರಿ ಎಂದು, ಗಾಳಿಯ ಒತ್ತಡ 24 ಪಿಎಸ್‌ಐಗೆ ಇಳಿದಿದ್ದಾಗ ರೀಸೆಟ್ ಒತ್ತಿದರೆ ಆ 24ನ್ನೇ ಸರಿ ಎಂದುಕೊಂಡು ಸುಮ್ಮನಾಗುತ್ತದೆ. ಟೈರ್ ತಣ್ಣಗಿರುವಾಗ, ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುವಷ್ಟು ಗಾಳಿಯನ್ನು ನಾಲ್ಕಕ್ಕೂ ಹಾಕಿಸಿ, ರೀಸೆಟ್ ಆಮೇಲೆ.

ಚಕ್ರದೊಳಗೆ ಸೆನ್ಸರ್ ಇರುವ ಗಾಡಿ ಶುರು ಮಾಡಿದಾಗ ಆ ಎಚ್ಚರಿಕೆ ದೀಪ ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ನಿಂತು ಉರಿದರೆ ಅದು ಸಾಮಾನ್ಯವಾಗಿ ಗಾಳಿಯ ದೂರಲ್ಲ, ಯಾವುದೋ ಸೆನ್ಸರ್‌ನ ಸುದ್ದಿ ಬರುತ್ತಿಲ್ಲ ಎಂದರ್ಥ. ಸೆನ್ಸರಿನ ಬ್ಯಾಟರಿ ಮುಗಿದಿರಬಹುದು, ಅದು 5ರಿಂದ 10 ವರ್ಷ ಬರುತ್ತದೆ. ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿರಬಹುದು. ಅಲಾಯ್ ಚಕ್ರ ಹಾಕಿಸಿದವರು ಸೆನ್ಸರ್‌ಗಳನ್ನು ಹಳೇ ರಿಮ್‌ನಲ್ಲೇ ಬಿಟ್ಟು ಬಂದಿರುವುದನ್ನೂ ನೋಡಿದ್ದೇನೆ. ಆನ್‌ಲೈನ್‌ನಲ್ಲಿ ಸೆನ್ಸರ್ ತರಿಸುವವರು ಫ್ರೀಕ್ವೆನ್ಸಿ ನೋಡಿ ತರಿಸಿ: ಅಮೆರಿಕದ ಎಷ್ಟೋ ಕಾರುಗಳದ್ದು 315 ಮೆಗಾಹರ್ಟ್ಸ್, ನಮ್ಮಲ್ಲಿ 433.

ರೊಟೇಷನ್ ಮುಗಿದ ಮೇಲೆ ದುಡ್ಡು ಕೊಡುವ ಮುಂಚೆ ಇಷ್ಟು ಮಾಡಿಸಿ. ಒಂದು ಚಕ್ರದಿಂದ ನಾಲ್ಕೈದು ಪಿಎಸ್‌ಐ ಇಳಿಸಿ, ಹತ್ತಿರದಲ್ಲೇ ನಿಧಾನಕ್ಕೆ ಒಂದು ರೌಂಡ್ ಹೋಗಿ ಬಂದು, ತೆರೆಯಲ್ಲಿ ಅದೇ ಮೂಲೆಯ ಅಂಕಿ ಇಳಿದಿದೆಯೇ ನೋಡಿ. ಬೇರೆ ಮೂಲೆಯದು ಇಳಿದಿದ್ದರೆ, ತಾನೇ ಜಾಗ ಕಂಡುಕೊಳ್ಳುವ ಬಗೆಯ ಕಾರಲ್ಲದಿದ್ದರೆ, ಅಲ್ಲೇ ಸ್ಕ್ಯಾನರ್ ತರಿಸಿ. ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸಿಕೊಂಡೇ ಹೊರಡಿ.