ಬ್ರೇಕ್ ಪೆಡಲ್ ಮೆತ್ತಗಾದರೆ ಏರ್ ತೆಗೆಯುವ ಮೊದಲು ನೋಡಬೇಕಾದದ್ದು

ಬ್ರೇಕ್ ಪೆಡಲ್ ಸರಿಯಿಲ್ಲವೆಂದು ಕಾರನ್ನು ಗ್ಯಾರೇಜಿಗೆ ತಂದವರಿಗೆ ಹೆಚ್ಚಾಗಿ ಸಿಗುವ ಉತ್ತರ ‘ಏರ್ ಹಿಡಿದಿದೆ, ಬ್ಲೀಡ್ ಮಾಡಿದರೆ ಸರಿಹೋಗುತ್ತದೆ’ ಎಂಬುದು. ಬ್ಲೀಡ್ ಎಂದರೆ ಸೇರಿಕೊಂಡ ಗಾಳಿಯನ್ನು ಆಯಿಲಿನ ಜೊತೆ ಹೊರಬಿಡುವುದು. ಕೆಲವು ಸಲ ಅದು ನಿಜವೂ ಹೌದು. ಆದರೆ ಬ್ರೇಕಿನ ಆಯಿಲ್ ಹರಿಯುವ ದಾರಿಯೆಲ್ಲ ಮುಚ್ಚಿದ್ದಾದ್ದರಿಂದ ಗಾಳಿ ತಾನಾಗಿ ಒಳಗೆ ಬರುವುದಿಲ್ಲ; ಬಂದಿದೆಯೆಂದರೆ ಎಲ್ಲೋ ಆಯಿಲ್ ಸೋರಿದೆ, ಇಲ್ಲವೇ ಹಿಂದೆ ಕೆಲಸ ಮಾಡಿದವರು ಅದನ್ನು ಪೂರ್ತಿ ತೆಗೆದಿಲ್ಲ. ಕಾರಣ ಹುಡುಕದೆ ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲ್ ಸಡಿಲಿಸಿದರೆ ಪೆಡಲ್ ಕೆಲವು ದಿನ ಗಟ್ಟಿಯಾಗಿದ್ದು, ಅದೇ ದೂರು ಮತ್ತೆ ಬರುತ್ತದೆ.

ದೂರು ಒಂದೇ ಆದರೂ ಕಾಲಿಗೆ ಸಿಗುವ ಲಕ್ಷಣಗಳು ಬೇರೆ ಬೇರೆ. ಸ್ಪಂಜಿನ ಮೇಲೆ ಕಾಲಿಟ್ಟಂತೆ ಪುಟಿಯುವ ಪೆಡಲ್‌ನಲ್ಲಿ ಗಾಳಿಯ ಶಂಕೆ ಸರಿಯೇ. ಮೊದಲ ಸಲ ಕೆಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದಾಗ ಮೇಲೆ ಬಂದು ಗಟ್ಟಿಯಾಗಿ ನಿಲ್ಲುವ ಪೆಡಲ್‌ಗೆ ಹಿಂದಿನ ಚಕ್ರದ ಡ್ರಮ್ಮಿಗೂ ಅದನ್ನು ಒಳಗಿನಿಂದ ಒತ್ತುವ ಶೂಗಳಿಗೂ ನಡುವಿನ ಅಂತರ ಹೆಚ್ಚಾಗಿರುವುದು ಸಾಮಾನ್ಯ ಕಾರಣ. ಹ್ಯಾಂಡ್ ಬ್ರೇಕ್ ಎಳೆದು ಪೆಡಲ್ ಒತ್ತಿ ನೋಡಿ; ಪೆಡಲ್ ಮೊದಲ ಸಲಕ್ಕೇ ಮೇಲೆ ಸಿಕ್ಕರೆ, ಆ ಅಂತರವನ್ನು ಸರಿಹೊಂದಿಸುವ ಅಡ್ಜಸ್ಟರ್ ಜಾಮ್ ಆಗಿದೆಯೇ ಎಂದು ನೋಡುವುದರಿಂದಲೇ ಕೆಲಸ ಆರಂಭಿಸಬಹುದು.

ಕಾಲಿನ ಒತ್ತಡ ಬದಲಾಗದಿದ್ದರೂ ಪೆಡಲ್ ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತಾ ಹೋಗುವುದು ಮೂರನೆಯ ಲಕ್ಷಣ, ಮತ್ತು ಇದೇ ಎಲ್ಲಕ್ಕಿಂತ ಅಪಾಯದ್ದು. ಇದನ್ನು ಪರೀಕ್ಷಿಸಲು ಎಂಜಿನ್ ಆಫ್ ಮಾಡಿ, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿನ ನಿರ್ವಾತ ಖಾಲಿಯಾಗುವವರೆಗೆ ನಾಲ್ಕೈದು ಸಲ ಪಂಪ್ ಮಾಡಿ, ನಂತರ ಪೆಡಲನ್ನು ಹಗುರವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಬೇಕು. ಹಗುರವಾಗಿ ಎಂಬುದು ಮುಖ್ಯ. ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನೊಳಗಿನ ಸವೆದ ರಬ್ಬರ್ ಕಪ್ ಜೋರಾಗಿ ಒತ್ತಿದಾಗ ಸಿಲಿಂಡರಿನ ಗೋಡೆಗೆ ಅಗಲವಾಗಿ ಅಂಟಿ ಆಯಿಲನ್ನು ತಡೆಯಬಲ್ಲದು, ಕಡಿಮೆ ಒತ್ತಡದಲ್ಲಿ ಬಿಟ್ಟುಕೊಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಇಳಿಯುವ ಪೆಡಲ್ ತುರ್ತಾಗಿ ಬ್ರೇಕ್ ಹಾಕಿದಾಗ ಸರಿಯಾಗಿಯೇ ಇರುವುದು ಇದರಿಂದಲೇ. ಪೆಡಲ್ ಒತ್ತಿಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದಾಗ ಅದು ಸ್ವಲ್ಪ ಕೆಳಗೆ ಹೋಗುವುದು ಮಾತ್ರ ದೋಷವಲ್ಲ, ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಪೆಡಲ್ ಇಳಿಯುತ್ತಿದ್ದು, ಡಬ್ಬಿಯಲ್ಲಿ ಆಯಿಲ್ ಮಟ್ಟ ಕಡಿಮೆಯಾಗದಿದ್ದರೆ ಮಾಸ್ಟರ್ ಸಿಲಿಂಡರನ್ನೇ ಶಂಕಿಸಬೇಕು; ಆಯಿಲ್ ಕಪ್ಪನ್ನು ದಾಟಿ ಒಳಗೊಳಗೇ ಹಿಂದಕ್ಕೆ ಹೋಗುತ್ತಿರುತ್ತದೆ. ಪೈಪುಗಳನ್ನು ಬಿಚ್ಚಿ, ಅದರ ಹೊರದಾರಿಗಳನ್ನು ಪ್ಲಗ್ ಮಾಡಿ, ಗಾಳಿ ತೆಗೆದು ಒತ್ತಿದಾಗಲೂ ಪೆಡಲ್ ಇಳಿದರೆ ಸಂಶಯಕ್ಕೆ ಎಡೆಯಿಲ್ಲ. ಮಟ್ಟ ಕಡಿಮೆಯಾಗುತ್ತಿದ್ದು ಹೊರಗೆಲ್ಲೂ ತೇವ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ನಟ್ಟುಗಳನ್ನು ಬಿಚ್ಚಿ, ಅದನ್ನು ಮುಂದಕ್ಕೆ ಸರಿಸಿ ನೋಡಬೇಕು. ಹಿಂದಿನ ಸೀಲ್ ದಾಟಿದ ಆಯಿಲ್ ಬೂಸ್ಟರಿನೊಳಗೆ ಸೇರುತ್ತದೆ, ಅಲ್ಲಿ ಬಣ್ಣ ಉಬ್ಬಿ ಎದ್ದಿರುವುದೂ ಉಂಟು. ಡ್ರಮ್ ಬಿಚ್ಚಿದಾಗ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ಧೂಳು ತಡೆಯುವ ರಬ್ಬರಿನ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎತ್ತಿ ನೋಡುವುದನ್ನೂ ಬಿಡಬಾರದು. ಹೊರಗೆ ಒಣಗಿ ಕಂಡರೂ ಒಳಗೆ ಆಯಿಲ್ ತುಂಬಿರಬಹುದು. ಅದು ತಾಗಿದ ಶೂಗಳನ್ನು ಒರೆಸಿ ಮತ್ತೆ ಹಾಕುವುದು ತಪ್ಪು. ಮಾಸ್ಟರ್ ಸಿಲಿಂಡರಿಗೆ ಬರೀ ಹೊಸ ರಬ್ಬರುಗಳ ಕಿಟ್ ಹಾಕಿದರೆ ಸಾಕೇ ಎಂದು ಕೇಳುವವರಿದ್ದಾರೆ. ಒಳಗೋಡೆಯಲ್ಲಿ ಗೆರೆಯೋ ತುಕ್ಕಿನ ಗುಳಿಯೋ ಕಂಡರೆ ಹೊಸ ಕಪ್ ಬಹಳ ದಿನ ಬಾಳದು. ಪೂರ್ತಿ ಅಸೆಂಬ್ಲಿ ಬದಲಿಸುವುದೇ ಲೇಸು.

ಚಾರ್ಮಾಡಿ ಅಥವಾ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಮೆತ್ತಗಾಗಿ, ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಹೋಗುವ ಪೆಡಲಿನ ಕಾರಣ ಬೇರೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ಸುಮಾರು ಶೇ. 3.7ರಷ್ಟು ನೀರು ಸೇರಿದಾಗ ಈ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇವೇ ಅಂಕಿಗಳು 205 ಮತ್ತು 140. ಗೇರ್ ಇಳಿಸದೆ ಬ್ರೇಕಿನಿಂದಲೇ ಘಾಟಿ ಇಳಿದರೆ ಚಕ್ರದ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನಲ್ಲಿ ಆಯಿಲ್ ಕುದಿದು ಆವಿಯಾಗಿ, ಒತ್ತಡವೆಲ್ಲ ಆ ಆವಿಯನ್ನು ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ಕರಾವಳಿಯ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲು ನಾನು ಹೇಳುವುದು ಇದಕ್ಕೇ. ಬ್ರೇಕ್ ಆಯಿಲಿನ ಡಬ್ಬಿಗೆ ಎಂಜಿನ್ ಆಯಿಲ್ ಒಂದಿಷ್ಟು ಬಿದ್ದರೂ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಸಿಲಿಕೋನಿನ ಡಾಟ್ 5 ಆಯಿಲ್ ಡಾಟ್ 3 ಮತ್ತು ಡಾಟ್ 4ರೊಂದಿಗೆ ಬೆರೆಯುವುದಿಲ್ಲ.

ಕಾರಣ ಸರಿಪಡಿಸಿದ ಮೇಲೆ ಬ್ಲೀಡಿಂಗ್. ಹಳೆಯ ಕಾರಿನಲ್ಲಿ ಸಹಾಯಕನು ಪೆಡಲನ್ನು ನೆಲಕ್ಕೆ ತಾಗುವವರೆಗೆ ಒತ್ತಿದರೆ, ಕಪ್ ಎಂದೂ ಓಡಾಡದ, ತುಕ್ಕು ಮತ್ತು ಕೆಸರು ಕೂತ ಭಾಗಕ್ಕೆ ಹೋಗಿ ಅದರ ಅಂಚು ಹರಿಯುತ್ತದೆ. ಸಿಲಿಂಡರ್ ಚೆನ್ನಾಗಿದ್ದ ಕಾರಿನಲ್ಲೂ ಪೆಡಲ್ ಮರುದಿನದಿಂದ ಇಳಿಯತೊಡಗುತ್ತದೆ. ಪೆಡಲ್ ಕೆಳಗೊಂದು ಮರದ ತುಂಡು ಇಟ್ಟರೆ ಸಾಕು. ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರುವಂತೆ ನೋಡಿಕೊಂಡು, ಪೆಡಲ್ ಬಿಡುವ ಮೊದಲು ನಿಪ್ಪಲ್ ಬಿಗಿಯಬೇಕು. ಯಾವ ಚಕ್ರ ಮೊದಲು ಎಂಬುದನ್ನು ಆ ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ, ಮಾಸ್ಟರ್ ಸಿಲಿಂಡರಿಗೆ ದೂರದ್ದು ಮೊದಲು ಎಂಬ ನಿಯಮ ಎಲ್ಲ ಕಾರಿಗೂ ಹೊಂದುವುದಿಲ್ಲ. ಎಷ್ಟು ತೆಗೆದರೂ ಪೆಡಲ್ ಪುಟಿಯುತ್ತಿದ್ದರೆ ಎಡ ಬಲದ ಕ್ಯಾಲಿಪರುಗಳು ಅದಲುಬದಲಾಗಿ ನಿಪ್ಪಲ್ ಕೆಳಗಡೆಗೆ ಬಂದಿದೆಯೇ ನೋಡಿ; ಗಾಳಿ ಮೇಲ್ಗಡೆಯಲ್ಲೇ ಉಳಿದುಬಿಟ್ಟಿರುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಕೈಯಿಂದ ಮಾಡುವ ಬ್ಲೀಡಿಂಗ್ ಸಾಲದೆ ಹೋಗಬಹುದು. ಸ್ಕ್ಯಾನರ್ ಜೋಡಿಸಿ ಅದರ ಪಂಪು ಮತ್ತು ವಾಲ್ವುಗಳನ್ನು ಓಡಿಸಿ ತೆಗೆಯಬೇಕಾದ ಆ ಕೆಲಸಕ್ಕೆ, ಸ್ಕ್ಯಾನರ್ ಇರುವ ಕಡೆಗೆ ಕಾರನ್ನು ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಹೋಗಿ.