ಕೆಂಪು ಗೆರೆ ಬೇಲಿಯಲ್ಲ

ಮಳೆಗಾಲ ಹತ್ತಿರವಾಯಿತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಫೋನು ಶುರು. ಮನೆಯ ಹಿಂದೆ ಗುಡ್ಡ ಕಡಿದಿರುತ್ತಾರೆ, ಮುರಕಲ್ಲು ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಹೋಗಿ ಅಳೆದು, ಆ ಗುಡ್ಡವನ್ನು ಕಂಪ್ಯೂಟರಿನೊಳಗೆ ಜರಿಸಿ ನೋಡಿ, ಕಲ್ಲು ಬಂದು ಮುಟ್ಟುವ ಜಾಗಕ್ಕೆ ಬಣ್ಣ ಹಚ್ಚಿದ ನಕ್ಷೆ ಕೊಡುತ್ತೇನೆ. ಎಲ್ಲರೂ ಕೇಳುವುದು ಒಂದೇ: ಕೆಂಪು ಎಲ್ಲಿಗೆ ನಿಲ್ಲುತ್ತದೆ? ಒಬ್ಬ ನಿವೃತ್ತ ಮಾಸ್ಟ್ರು ನಕ್ಷೆಯ ಮೇಲೆ ಬೆರಳಿಟ್ಟು, "ಹಟ್ಟಿ ಹೋದೀತು, ಅಡುಗೆಕೋಣೆಗೆ ತೊಂದರೆ ಇಲ್ಲ, ಅಲ್ವಾ?" ಎಂದರು. ನಡುವೆ ಇದ್ದದ್ದು ನಾಲ್ಕು ಮಾರು.

ದಯವಿಟ್ಟು ಆ ಗೆರೆಯನ್ನು ಬೇಲಿ ಅಂದುಕೊಳ್ಳಬೇಡಿ.

ಅವರ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಒಂದು ಗೋಣಿ ತುಂಬಿಸಿ ಜಗಲಿಯ ಮೇಲಿಂದ ಸುರಿದೆ, ಒಟ್ಟು ಮಾಡಿ ಮತ್ತೊಮ್ಮೆ ಸುರಿದೆ. ಅದೇ ಎತ್ತರ, ಅದೇ ಅಡಿಕೆ. ರಾಶಿ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಆದರೆ ದೂರ ಓಡಿದ ನಾಲ್ಕೈದು ಅಡಿಕೆ ಮೊದಲ ಸಲ ತುಳಸಿಕಟ್ಟೆಯ ಬುಡದಲ್ಲಿ, ಎರಡನೇ ಸಲ ಬಾವಿಯ ದಿಕ್ಕಿನಲ್ಲಿ. ರಾಶಿಯನ್ನು ನಾನು ಲೆಕ್ಕ ಹಾಕಬಲ್ಲೆ. ಆ ನಾಲ್ಕೈದು ಎಲ್ಲಿಗೆ ಹೋಗುತ್ತವೆಂದು ಒಂದೇ ಲೆಕ್ಕದಲ್ಲಿ ಹೇಳಲಾರೆ, ಮತ್ತು ಗೋಡೆ ಒಡೆದು ಒಳಗೆ ಬರುವ ಕಲ್ಲು ಅವುಗಳಲ್ಲೇ ಒಂದು.

ಕಂಪ್ಯೂಟರ್ ಮಾಡುವುದೂ ಇದನ್ನೇ. ಕಂಡಲ್ ಮತ್ತು ಸ್ಟ್ರ್ಯಾಕ್ ಎಂಬ ಸಂಶೋಧಕರು 1979ರಲ್ಲಿ ವಿವರಿಸಿದ ಕ್ರಮದಲ್ಲಿ ಗುಡ್ಡವನ್ನು ಸಣ್ಣ ತುಂಡುಗಳ ರಾಶಿಯೆಂದು ಭಾವಿಸಿ, ಪ್ರತಿ ತುಂಡು ಪಕ್ಕದ್ದಕ್ಕೆ ತಾಗುವ, ಉಜ್ಜುವ ಬಲವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತೇವೆ. ಇಡೀ ಬಂಡೆ ಬೇಕೆಂದರೆ ತುಂಡುಗಳನ್ನು ಅಂಟಿಸಿಡುತ್ತೇವೆ. ಬಲ ಮೀರಿದಲ್ಲಿ ಅಂಟು ಬಿಡುತ್ತದೆ, ಬಂಡೆ ಒಡೆಯುತ್ತದೆ. ಘರ್ಷಣೆ, ಬಿರುಕಿನ ಗಟ್ಟಿತನ, ನೀರು, ಇವನ್ನು ಸ್ವಲ್ಪಸ್ವಲ್ಪ ಬದಲಿಸಿ ನೂರಾರು ಸಲ ಜರಿಸುತ್ತೇನೆ. ಹೆಚ್ಚಿನ ಸಲ ಕಲ್ಲು ಮುಟ್ಟಿದ ಜಾಗ ಕೆಂಪು, ಕೆಲವೇ ಸಲ ಮುಟ್ಟಿದ್ದು ಹಳದಿ. ಮಾಸ್ಟ್ರ ಅಡುಗೆಕೋಣೆ ಹಳದಿಯಲ್ಲಿತ್ತು.

"ನಮ್ಮದು ಗಟ್ಟಿ ಕಲ್ಲು" ಎನ್ನುವವರಿಗೂ ಒಂದು ಮಾತು. ಕೆನಡಾದ ಫ್ರಾಂಕ್ ಊರಿನ ಮೇಲೆ 1903ರಲ್ಲಿ ಜರಿದದ್ದು ಗಟ್ಟಿ ಸುಣ್ಣಕಲ್ಲೇ. ಸುಮಾರು 3 ಕೋಟಿ ಘನ ಮೀಟರ್ ಕಲ್ಲು ಪುಡಿಯಾಗುತ್ತ, ಒಂದೂವರೆ ನಿಮಿಷದ ಆಸುಪಾಸಿನಲ್ಲಿ ಕಣಿವೆ ದಾಟಿ ಎದುರಿನ ಏರನ್ನೂ ಹತ್ತಿತು. ಅಷ್ಟು ದೂರ ಏಕೆ ಓಡಿತು ಎಂಬುದರಲ್ಲಿ ಈ ಲೆಕ್ಕ ಹಾಕುವ ನಮ್ಮವರಲ್ಲೇ ಇನ್ನೂ ಒಮ್ಮತವಿಲ್ಲ. ನಮ್ಮಲ್ಲಿ ಮೇಲೆ ಮುರಕಲ್ಲಿನ ಹೆಪ್ಪು, ಅಡಿಯಲ್ಲಿ ಶೇಡಿಮಣ್ಣು. ಮಣ್ಣು ನೀರು ಕುಡಿದು ಮೆತ್ತಗಾದರೆ ಮೇಲಿನ ಕಲ್ಲು ಎಷ್ಟು ಗಟ್ಟಿ ಇದ್ದೇನು?

ವಯನಾಡಿನ ವಿಡಿಯೋ ತೋರಿಸಿ ಹೆದರುವವರೂ ಇದ್ದಾರೆ. 2024ರ ಜುಲೈ 30ರಂದು ಅಲ್ಲಿ ಬಂದದ್ದು ನೀರು, ಕೆಸರು, ಬಂಡೆ ಸೇರಿ ಹೊಳೆಯ ದಾರಿ ಹಿಡಿದ ಪ್ರವಾಹ. ಅದರ ಲೆಕ್ಕವೇ ಬೇರೆ, ಮನೆ ಹಿಂದೆ ಕಡಿದ ಗುಡ್ಡದ ಬರೆಗೆ ಅದನ್ನು ಅನ್ವಯಿಸಲಾಗದು.

ಮಾಸ್ಟ್ರು ಅಡುಗೆಕೋಣೆಯನ್ನು ಮುಂಬದಿಗೆ ತಂದರು. ಜೋರು ಮಳೆಯ ರಾತ್ರಿ ಮೊಮ್ಮಕ್ಕಳು ಚಾವಡಿಯಲ್ಲೇ ಮಲಗುತ್ತಾರೆ. ಬರೆಯ ನೆತ್ತಿಯಲ್ಲಿ ಮಳೆನೀರು ಹರಿಯುವ ಕಣಿ ಬಿಡಿಸಿದ್ದೇನೆ ಎಂದು ಮೇ ತಿಂಗಳಲ್ಲಿ ಫೋಟೋ ಕಳಿಸುತ್ತಾರೆ. ಕಣಿಯ ಹಿಂದಿನ ಹುಲ್ಲಿನಲ್ಲಿ ಬಿರುಕೇನಾದರೂ ಕಾಣುತ್ತದೆಯೇ ಎಂದು ನಾನು ಅದನ್ನು ಹಿಗ್ಗಿಸಿ ನೋಡುತ್ತೇನೆ.